ಫ್ರಂಟ್ ಲೋಡ್ ವಾಷಿಂಗ್ ಮಷೀನ್‌ನಲ್ಲಿ ಮುಗ್ಗಲು ವಾಸನೆ, ಬಟ್ಟೆಗೆ ಕಪ್ಪು ಚೂರು: ಡ್ರಮ್ ಬಿಚ್ಚಿಸಲೇಬೇಕಾ?

ಬಿಳಿಮೋಡ

7 ಕೆಜಿ ಫ್ರಂಟ್ ಲೋಡ್ ಮಷೀನ್, ಹೀಟರ್ ಇರುವ ಮಾಡೆಲ್. ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಟವೆಲ್‌ಗಳು ಒಣಗಿದ್ದಾಗ ಸರಿಯಾಗೇ ಇರುತ್ತವೆ, ಸ್ವಲ್ಪ ಒದ್ದೆಯಾದರೆ ಸಾಕು, ಅದೇ ವಾಸನೆ. ಬಿಳಿ ಬಟ್ಟೆಗೆ ಅಲ್ಲಲ್ಲಿ ಬೂದು-ಕಪ್ಪು ಚೂರು ಅಂಟಿಕೊಂಡು ಬರುತ್ತೆ, ಬೆರಳಲ್ಲಿ ಒತ್ತಿದರೆ ಮಸಿ ಥರ ಹರಡುತ್ತೆ. ಬಾಗಿಲಿನ ರಬ್ಬರ್ ಮಡಿಕೆಯಲ್ಲಿ ಕಪ್ಪು ಚುಕ್ಕೆಗಳೂ ಇವೆ.

ಒಗೆಯೋದು ಹೆಚ್ಚಾಗಿ 30 ಡಿಗ್ರಿ ಅಥವಾ ಕ್ವಿಕ್ ವಾಶ್. ಲಿಕ್ವಿಡ್ ಡಿಟರ್ಜೆಂಟ್ ಮುಚ್ಚಳದ ತುಂಬ, ಜೊತೆಗೆ ಪ್ರತಿ ಸಲ ಫ್ಯಾಬ್ರಿಕ್ ಕಂಡೀಷನರ್. ವಿನೆಗರ್, ಅಡುಗೆ ಸೋಡಾ ಹಾಕಿ ಖಾಲಿ ಓಡಿಸಿದರೆ ಸ್ವಲ್ಪ ದಿನ ವಾಸನೆ ಕಡಿಮೆ, ಆಮೇಲೆ ಮತ್ತೆ ಶುರು. ಡ್ರಮ್ ಪೂರ್ತಿ ಬಿಚ್ಚಿ ತೊಳೆಯದೆ ಬೇರೆ ದಾರಿ ಇಲ್ಲ ಅಂತಾರೆ ಮೆಕ್ಯಾನಿಕ್. ಹೌದಾ? ಬಿಚ್ಚದೆ ಏನಾದರೂ ಮಾಡಬಹುದಾ?

ಪಾನಾ10

ಬಿಚ್ಚಿಸಬೇಡಿ, ಈಗಲೇ ಬೇಡ. ಆ ಚೂರು ಯಾವುದು ಅಂತ ನೀವೇ ಪರೀಕ್ಷೆ ಮಾಡಿ ಆಗಿದೆ. ಒತ್ತಿದಾಗ ಮಸಿಯಂತೆ ಹರಡಿದರೆ ಅದು ಜಿಡ್ಡಿನ ಪದರ. ಎಳೆದರೆ ಹಿಗ್ಗುವ ಚೂರಾದರೆ ರಬ್ಬರ್ ಸವೆದಿದೆ ಅಂತ. ಬಟ್ಟೆಗೆ ಕಂದು ಬಣ್ಣದ ಎಣ್ಣೆ ಕಲೆ, ಸ್ಪಿನ್ ಆಗುವಾಗ ಗುರ್ರೆನ್ನುವ ಸದ್ದು ಇದ್ದರೆ ಬೇರಿಂಗ್ ಮತ್ತು ಅದರ ಸೀಲ್ ಹೋಗಿವೆ. ಬಾಗಿಲು ತೆಗೆದು ಡ್ರಮ್‌ನ ಮೇಲಂಚು ಹಿಡಿದು ಎತ್ತಿ ನೋಡಿ. ಹೊರಗಿನ ಟಬ್ ಸಮೇತ ತೂಗಾಡಿದರೆ ಸರಿ, ಸ್ಪ್ರಿಂಗ್ ಇರೋದೇ ಅದಕ್ಕೆ. ಡ್ರಮ್ ಮಾತ್ರ ಟಕ್ ಟಕ್ ಅಂತ ಅಲ್ಲಾಡಿದರೆ ಆಗ ಬಿಚ್ಚುವ ಮಾತು.

ನಿಮಗೆ ಕಾಣುವ ಸ್ಟೀಲ್ ಡ್ರಮ್‌ನ ಹೊರಗೆ ಒಂದು ಪ್ಲಾಸ್ಟಿಕ್ ಟಬ್ ಇದೆ. ಇವೆರಡರ ನಡುವೆ ಕೈಯೂ ಹೋಗಲ್ಲ, ಬ್ರಷ್ಷೂ ಹೋಗಲ್ಲ. ಮೈಯೆಣ್ಣೆ, ತೊಳೆದು ಹೋಗದ ಸೋಪು, ಕಂಡೀಷನರ್‌ನ ಮೇಣದಂಥ ಅಂಶ ಎಲ್ಲ ಅಲ್ಲಿ ಅಂಟಿ ಲೋಳೆ ಕಟ್ಟುತ್ತೆ, ಬ್ಯಾಕ್ಟೀರಿಯಾ, ಬೂಷ್ಟು ಅದರಲ್ಲೇ ಬೆಳೆಯುತ್ತವೆ. ತಣ್ಣೀರಿಗೆ ಜಿಡ್ಡು ಕರಗಲ್ಲ. ಲಿಕ್ವಿಡ್‌ನಲ್ಲಿ ಸಾಮಾನ್ಯವಾಗಿ ಬ್ಲೀಚಿಂಗ್ ಅಂಶ ಇರಲ್ಲ. ಹಾಗಾಗಿ ಪದರ ದಪ್ಪವಾಗುತ್ತಾ ಹೋಗಿ ಕಡೆಗೆ ಚೂರಾಗಿ ಉದುರುತ್ತೆ.

ಮೊದಲು ಡ್ರೈನ್ ಫಿಲ್ಟರ್. ಪ್ಲಗ್ ಕಿತ್ತು, ಮುಂಭಾಗದ ಕೆಳಗಿರುವ ಚಿಕ್ಕ ಮುಚ್ಚಳ ತೆಗೆಯಿರಿ. ಒಳಗೆ ನೀರು ಬಿಸಿ ಇದ್ದರೆ ಆರಲಿ. ಪಕ್ಕದಲ್ಲಿ ಸಣ್ಣ ರಬ್ಬರ್ ಪೈಪ್ ಇದ್ದರೆ ಅದರ ಬಿರಡೆ ತೆಗೆದು ತಟ್ಟೆಗೆ ನೀರು ಬಸಿಯಿರಿ, ಇಲ್ಲದಿದ್ದರೆ ಫಿಲ್ಟರ್ ತಿರುಪನ್ನೇ ಎಡಕ್ಕೆ ಸ್ವಲ್ಪ ಸ್ವಲ್ಪ ಸಡಿಲಿಸುತ್ತಾ ಬಸಿಯಿರಿ. ಒಂದೆರಡು ಲೀಟರ್ ಬರಬಹುದು, ಒಣ ಬಟ್ಟೆ ಹಾಸಿಕೊಳ್ಳಿ. ಫಿಲ್ಟರ್ ಹೊರಬಂದ ಮೇಲೆ ಆ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಪಂಪ್‌ನ ರೆಕ್ಕೆ ಕಾಣುತ್ತೆ. ಅದಕ್ಕೆ ಕೂದಲು, ದಾರ ಸುತ್ತಿಕೊಂಡಿರುತ್ತೆ, ಚಿಮ್ಮಟದಲ್ಲಿ ಎಳೆಯಿರಿ. ರೆಕ್ಕೆ ಬೆರಳಿಗೆ ಸರಾಗವಾಗಿ ತಿರುಗದೆ ತಡೆದು ತಡೆದು ತಿರುಗಿದರೆ ಗಾಬರಿ ಬೇಡ, ಮೋಟರ್ ಒಳಗಿನ ಅಯಸ್ಕಾಂತದಿಂದ ಹಾಗಾಗುತ್ತೆ. ತಿರುಗಿ ಹಾಕುವಾಗ ರಬ್ಬರ್ ರಿಂಗ್ ಒರೆಸಿ, ತಿರುಪು ಅಡ್ಡ ಕೂರದಂತೆ ನೋಡಿಕೊಳ್ಳಿ. ನೀರು ಸೋರುವ ದೂರುಗಳಲ್ಲಿ ಬಹಳಷ್ಟು ಇಲ್ಲಿಂದಲೇ.

ಆಮೇಲೆ ಬಾಗಿಲಿನ ರಬ್ಬರ್. ಮಡಿಕೆಯನ್ನು ಹೊರಗೆಳೆದು ಒಳಗಿನ ಕೆಸರು ಒರೆಸಿ. ಅದರ ತಳದಲ್ಲಿ ನೀರು ಇಳಿಯೋಕೆ ಸಣ್ಣ ತೂತುಗಳಿರುತ್ತವೆ, ಅವು ನಾರಿನಿಂದ ಮುಚ್ಚಿದ್ದರೆ ಎಷ್ಟು ತೊಳೆದರೂ ಮಡಿಕೆಯಲ್ಲಿ ನೀರು ನಿಂತು ವಾಸನೆ ಮರಳುತ್ತೆ. ಕಿವಿ ಸ್ವಚ್ಛ ಮಾಡುವ ಕಡ್ಡಿಯಲ್ಲಿ ತೂತು ಬಿಡಿಸಿ, ಸೂಜಿ, ಸ್ಕ್ರೂಡ್ರೈವರ್ ಬೇಡ. ಕಪ್ಪು ಚುಕ್ಕೆಗೆ ಒಂದು ಪಾಲು ಮನೆಬಳಕೆಯ ಕ್ಲೋರಿನ್ ಬ್ಲೀಚ್‌ಗೆ ಹತ್ತು ಪಾಲು ತಣ್ಣೀರು ಬೆರೆಸಿ, ಬಟ್ಟೆ ಅದ್ದಿ ಮಡಿಕೆಯೊಳಗೆ ಅರ್ಧ ಗಂಟೆ ತುರುಕಿಡಿ. ನೀವು ವಿನೆಗರ್ ಹಾಕುತ್ತಿದ್ದೀರಿ, ಆದ್ದರಿಂದ ಇದನ್ನು ಗಮನಿಸಿ ಓದಿ: ಬ್ಲೀಚ್‌ಗೆ ವಿನೆಗರ್ ಅಥವಾ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಸೇರಿದರೆ ಕ್ಲೋರಿನ್ ಅನಿಲ ಬರುತ್ತೆ, ಅದು ಶ್ವಾಸಕೋಶಕ್ಕೆ ಅಪಾಯ. ಮೊದಲೇ ಒಂದು ರಿನ್ಸ್ ಓಡಿಸಿ, ಕಿಟಕಿ ತೆರೆದಿಡಿ, ಗ್ಲೌಸ್ ಹಾಕಿ. ಬ್ಲೀಚ್ ಮುಗಿದ ಮೇಲೆ ಒರೆಸಿ ಇನ್ನೊಂದು ರಿನ್ಸ್. ಚುಕ್ಕೆ ಪೂರ್ತಿ ಹೋಗದಿರಬಹುದು. ಬೂಷ್ಟು ಸತ್ತರೂ ರಬ್ಬರ್‌ಗೆ ಇಳಿದ ಕಲೆ ಉಳಿಯುತ್ತೆ, ಅದರಿಂದ ತೊಂದರೆ ಇಲ್ಲ.

ಸೋಪಿನ ಟ್ರೇಯ ನಡುವಿನ ಪಟ್ಟಿ ಒತ್ತಿ ಪೂರ್ತಿ ಹೊರಗೆಳೆಯಿರಿ. ಕಂಡೀಷನರ್ ಖಾನೆಯ ಮುಚ್ಚಳ ಕಿತ್ತು ಬಿಸಿನೀರಿನಲ್ಲಿ ತೊಳೆಯಿರಿ. ಆ ಖಾನೆಯಲ್ಲಿ ಪ್ರತಿ ಸಲ ನೀರು ಉಳಿಯುತ್ತಿದ್ದರೆ ಕಾರಣ ಇದೇ ಮುಚ್ಚಳದ ಕೊಳವೆ ಕಟ್ಟಿರೋದು. ಟ್ರೇ ಇದ್ದ ಗೂಡಿನ ಮೇಲ್ಭಾಗಕ್ಕೂ ಹಳೆ ಟೂತ್‌ಬ್ರಷ್ ಹಾಕಿ, ಅಲ್ಲಿ ಬೂಷ್ಟು ಇರೋದು ಬಗ್ಗಿ ನೋಡದೆ ಗೊತ್ತೇ ಆಗಲ್ಲ.

ಕೊನೆಗೆ ಟಬ್. ಸೋಡಿಯಂ ಪರ್ಕಾರ್ಬೊನೇಟ್ ಪುಡಿ (ಕ್ಲೋರಿನ್ ಇಲ್ಲದ, ಆಮ್ಲಜನಕದ ಬ್ಲೀಚ್) 100ರಿಂದ 150 ಗ್ರಾಂ ನೇರ ಡ್ರಮ್‌ಗೆ ಹಾಕಿ, ಬಟ್ಟೆ ಇಲ್ಲದೆ, ಪ್ರೀವಾಶ್ ಇಲ್ಲದೆ, 60 ಡಿಗ್ರಿಯ ಅತಿ ಉದ್ದದ ಕಾಟನ್ ಪ್ರೋಗ್ರಾಂ ಓಡಿಸಿ. ನೀರು ಬಿಸಿಯಾದ ಮೇಲೆ ಪಾಜ್ (Pause) ಒತ್ತಿ ಒಂದೆರಡು ಗಂಟೆ ನೆನೆಸಿಟ್ಟರೆ ಇನ್ನೂ ಒಳ್ಳೆಯದು. ಮುಗಿದ ಮೇಲೆ ಫಿಲ್ಟರ್ ಮತ್ತೆ ತೆಗೆಯಿರಿ, ಕಳಚಿದ ಪದರ ಅಲ್ಲಿ ಸೇರಿರುತ್ತೆ. ಚೂರು ಬರೋದು ನಿಲ್ಲುವವರೆಗೆ ಇದನ್ನೇ ಮತ್ತೆ ಮಾಡಿ. ವರ್ಷಗಟ್ಟಲೆ ಕಟ್ಟಿದ ಪದರ ಒಂದೇ ಸಲಕ್ಕೆ ಬಿಡಲ್ಲ.

ನೊರೆಗುಳ್ಳೆ

ಪಾನಾ ಹೇಳಿದ ಕ್ರಮ ಸರಿ. ವಿನೆಗರ್-ಸೋಡಾ ಯಾಕೆ ನಾಟಲಿಲ್ಲ ಅನ್ನೋದನ್ನೂ ಹೇಳಬೇಕು, ಎಲ್ಲೆಡೆ ಅದನ್ನೇ ಹೇಳುತ್ತಾರೆ. ಒಂದು ಆಮ್ಲ, ಇನ್ನೊಂದು ಕ್ಷಾರ. ಎರಡೂ ಸೇರಿದರೆ ಬುರಬುರ ನೊರೆ ಎದ್ದು ಕಾರ್ಬನ್ ಡೈಆಕ್ಸೈಡ್ ಹೋಗುತ್ತೆ, ಉಳಿಯೋದು ನೀರಿನಲ್ಲಿ ಕರಗಿದ ಸೋಡಿಯಂ ಅಸಿಟೇಟ್. ಅದು ಜಿಡ್ಡನ್ನೂ ತೆಗೆಯಲ್ಲ, ಸುಣ್ಣದ ಪೊರೆಯನ್ನೂ ಕರಗಿಸಲ್ಲ. ಬರೀ ವಿನೆಗರ್ ಪದೇ ಪದೇ ಹಾಕಿದರೆ ರಬ್ಬರ್ ಭಾಗಗಳಿಗೂ ಒಳ್ಳೆಯದಲ್ಲ.

ಪರ್ಕಾರ್ಬೊನೇಟ್ ಬಿಸಿನೀರಿನಲ್ಲಿ ಒಡೆದು ಸೋಡಿಯಂ ಕಾರ್ಬೊನೇಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತೆ. ಮೊದಲನೆಯದು ಜಿಡ್ಡು ಬಿಡಿಸುತ್ತೆ, ಎರಡನೆಯದು ಬೂಷ್ಟು ಮತ್ತು ವಾಸನೆ ನೋಡಿಕೊಳ್ಳುತ್ತೆ. 30 ಡಿಗ್ರಿಯಲ್ಲಿ ಈ ಕೆಲಸ ಬಹಳ ನಿಧಾನ. 90 ಡಿಗ್ರಿಯಲ್ಲಿ ಪೆರಾಕ್ಸೈಡ್ ಬೇಗ ಮುಗಿದುಹೋಗುತ್ತೆ. ಅದಕ್ಕೇ 60ರಲ್ಲಿ ಹೆಚ್ಚು ಹೊತ್ತು ಬಿಡೋದು ಲಾಭ. ಈ ಪುಡಿಯನ್ನು ಕ್ಲೋರಿನ್ ಬ್ಲೀಚ್ ಜೊತೆ ಸೇರಿಸಬೇಡಿ. ನೀರಲ್ಲಿ ಕಲಸಿ ಬಾಟಲಿ ಮುಚ್ಚಿಯೂ ಇಡಬೇಡಿ, ಆಮ್ಲಜನಕ ತುಂಬಿ ಬಾಟಲಿ ಸಿಡಿಯಬಹುದು.

ನಿಮ್ಮದು ಗಡಸು ನೀರಾ? ಬಾಗಿಲ ಗಾಜಿನ ಒಳಬದಿಯಲ್ಲಿ ಒರಟಾದ ಬಿಳಿ ಪೊರೆ ಇದ್ದರೆ ಹೀಟರ್ ಮೇಲೂ ಅದೇ ಇರುತ್ತೆ. ಆ ಪೊರೆಯ ಸಂದಿಯಲ್ಲಿ ಜಿಡ್ಡು ಹಿಡಿದುಕೊಳ್ಳುತ್ತೆ, ಬರೀ ಕ್ಷಾರಕ್ಕೆ ಬಗ್ಗಲ್ಲ. ಅಂಥ ಕಡೆ ಬೇರೆ ದಿನ, ಬೇರೆಯಾಗಿ, 80ರಿಂದ 100 ಗ್ರಾಂ ನಿಂಬೆ ಉಪ್ಪು ಹಾಕಿ 40ರಿಂದ 60 ಡಿಗ್ರಿಯಲ್ಲಿ ಓಡಿಸಿ, ಆಮೇಲೆ ಎರಡು ರಿನ್ಸ್. ಅದಕ್ಕಿಂತ ಬಿಸಿ ಬೇಡ, ಕ್ಯಾಲ್ಸಿಯಂ ಸಿಟ್ರೇಟ್ ಗಟ್ಟಿಯಾಗಿ ಕೂರಬಹುದು. ಡ್ರಮ್‌ನ ಹಿಂದೆ ಅದನ್ನು ಹಿಡಿದಿರುವ ಮೂರು ಕಾಲಿನ ಕಂಬಿ ಸಾಮಾನ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹ, ಆಮ್ಲಕ್ಕೂ ಸವೆಯುತ್ತೆ, ಕಟು ಕ್ಷಾರಕ್ಕೂ ಸವೆಯುತ್ತೆ. ಹಾಗಾಗಿ ನಿಂಬೆ ಉಪ್ಪನ್ನು ತಿಂಗಳು ತಿಂಗಳು ಹಾಕುವ ರೂಢಿ ಬೇಡ. ಪೊರೆ ಕಂಡಾಗ ಸಾಕು.

ಬಿಳಿಮೋಡ

ಇಬ್ಬರಿಗೂ ಧನ್ಯವಾದ. ಫಿಲ್ಟರ್, ರಬ್ಬರ್, ಟ್ರೇ ಆಯ್ತು. ಟಬ್ ವಾಶ್‌ನಲ್ಲಿ ಚೂರು ರಾಶಿ ಬಂತು, ವಾಸನೆ ಬಹಳ ಇಳಿದಿದೆ. ಮೂರು ಸಂದೇಹ. ಸೋಪು ಹಾಕದಿದ್ದರೂ ಗಾಜಿನ ಅರ್ಧದವರೆಗೆ ನೊರೆ ಯಾಕೆ? 60 ಅಂತ ಇಟ್ಟರೂ ಗಾಜು ಉಗುರುಬೆಚ್ಚಗಷ್ಟೇ ಇತ್ತು, ಸರಿಯಾ? ಮಷೀನ್ ನಿಲ್ಲಿಸಿ ಒಂದು ದಿನ ಬಿಟ್ಟರೆ ಒಳಗಿಂದ ಮೋರಿ ವಾಸನೆ ಬರುತ್ತೆ, ಇದು ಮುಗ್ಗಲಲ್ಲ.

ತಾಮ್ರತಂತಿ

ನೊರೆ ಹಳೆ ಸೋಪಿನದು, ಪದರದಿಂದ ಬಿಡಿಸಿಕೊಂಡು ಬಂದಿದೆ. ಮುಂದಿನ ಸಲ ಕಡಿಮೆಯಾಗುತ್ತೆ.

ಗಾಜಿನ ವಿಷಯ ಬಿಡಬೇಡಿ. 60 ಡಿಗ್ರಿಯಲ್ಲಿ ಓಡಿ 30-40 ನಿಮಿಷವಾದ ಮೇಲೆ ಗಾಜಿನ ಮೇಲೆ ಅಂಗೈ ಇಟ್ಟುಕೊಂಡಿರೋದು ಕಷ್ಟವಾಗಬೇಕು. ಹೊರಗಡೆ ಇನ್ನೊಂದು ಪ್ಲಾಸ್ಟಿಕ್ ಹೊದಿಕೆ ಇರುವ ಬಾಗಿಲಾದರೆ ಈ ಪರೀಕ್ಷೆ ನಡೆಯಲ್ಲ. ಆಗ ಪ್ಲಗ್‌ಗೆ ಹಾಕುವ ವ್ಯಾಟ್ ಮೀಟರ್ ನೋಡಿ, ಆದರೆ ಅದು ಮಷೀನ್‌ನ ಪೂರ್ತಿ ಲೋಡ್ ತಡೆಯುವಂಥದ್ದಾಗಿರಲಿ. ಹೀಟರ್ ಕೆಲಸ ಮಾಡುವಾಗ 2000 ವ್ಯಾಟ್ ಆಸುಪಾಸು ಎಳೆಯುತ್ತೆ. ಬರೀ ಡ್ರಮ್ ತಿರುಗುವಾಗ ಕೆಲವು ನೂರು ವ್ಯಾಟ್ ಮಾತ್ರ.

ಹೀಟರ್ ಕೆಟ್ಟಿದೆ ಅನ್ನುವ ಮೊದಲು ಪ್ರೋಗ್ರಾಂ ನೋಡಿ. ಇಕೋ ಅಂತ ಗುರುತಿರುವ 60 ಡಿಗ್ರಿ ಪ್ರೋಗ್ರಾಂಗಳು ವಿದ್ಯುತ್ ಉಳಿಸಲು ನೀರನ್ನು ಅಷ್ಟು ಬಿಸಿ ಮಾಡಲ್ಲ, ಕಡಿಮೆ ಬಿಸಿಯಲ್ಲಿ ಹೆಚ್ಚು ಹೊತ್ತು ತಿರುಗಿಸುತ್ತವೆ. ಬಟ್ಟೆಗೆ ಅದು ಸಾಕು, ಟಬ್ ತೊಳೆಯೋಕೆ ಸಾಲದು. ಇಕೋ ತೆಗೆದು ಮಾಮೂಲಿ ಕಾಟನ್ ಅಥವಾ ಡ್ರಮ್ ಕ್ಲೀನ್ ಪ್ರೋಗ್ರಾಂ ಹಾಕಿ ಮತ್ತೆ ನೋಡಿ. ಆಗಲೂ ತಣ್ಣಗಿದ್ದರೆ ಪ್ಲಗ್ ಕಿತ್ತು, ಹೀಟರ್‌ನ ವೈರ್ ಬಿಡಿಸಿ ಮಲ್ಟಿಮೀಟರ್‌ನಲ್ಲಿ ಅಳೆಯಬೇಕು. 230 ವೋಲ್ಟ್‌ನ 2000 ವ್ಯಾಟ್ ಹೀಟರ್ ಸುಮಾರು 26 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಎಲಿಮೆಂಟ್ ಕಡಿದಿದೆ. ಹೀಟರ್ ಸರಿ ಇದ್ದರೆ ಪಕ್ಕದ ಉಷ್ಣತೆ ಸೆನ್ಸರ್, ಆಮೇಲೆ ಬೋರ್ಡ್‌ನ ರಿಲೇ. ವಿದ್ಯುತ್ ಕೆಲಸದ ಅಭ್ಯಾಸ ಇಲ್ಲದಿದ್ದರೆ ಇಲ್ಲಿಂದ ಮುಂದೆ ಮೆಕ್ಯಾನಿಕ್‌ಗೆ ಬಿಡಿ. ಆದರೆ ಹೀಟರ್ ನೋಡಿ ಅಂತ ಹೇಳಿ ಕರೆಸಿ, ಡ್ರಮ್ ಬಿಚ್ಚಿ ಅಂತ ಅಲ್ಲ.

ಮೋರಿ ವಾಸನೆ ಡ್ರೈನ್ ಪೈಪಿನದು. ಪೈಪು ನೆಲದಿಂದ 60ರಿಂದ 100 ಸೆಂ.ಮೀ. ಎತ್ತರಕ್ಕೆ ಏರಿ ಇಳಿಯಬೇಕು. ಗೋಡೆಯ ಕೊಳವೆಯೊಳಗೆ 10-15 ಸೆಂ.ಮೀ. ಹೋದರೆ ಸಾಕು. ಆಳಕ್ಕೆ ತುರುಕಿ ಬಾಯಿಗೆ ಟೇಪ್ ಸುತ್ತಿದರೆ ಗಾಳಿಗೆ ಜಾಗ ಇರಲ್ಲ, ಮಷೀನ್ ನೀರನ್ನು ತಾನೇ ಎಳೆದು ಖಾಲಿ ಮಾಡಿಕೊಳ್ಳುತ್ತೆ. ಪೈಪು ನೆಲದ ಮೇಲೆಯೇ ಮಲಗಿದ್ದರೂ ಹಾಗೇ, ಕೊಳೆ ನೀರೂ ಗಾಳಿಯೂ ವಾಪಸ್ ಬರುತ್ತವೆ. ಗೋಡೆಯ ಕೊಳವೆಗೆ ನೀರು ನಿಲ್ಲುವ ಬಾಗು ಇದೆಯಾ ಅಂತಲೂ ನೋಡಿ. ಬಾಗೇ ಇಲ್ಲದಿದ್ದರೆ ಮಷೀನ್‌ನದೇನೂ ತಪ್ಪಿಲ್ಲ, ಕೊಳವೆಗೆ ಬಾಗು ಹಾಕಿಸಬೇಕು.

ನೊರೆಗುಳ್ಳೆ

ಪದರ ಹೋದ ಮೇಲೆ ಡಿಟರ್ಜೆಂಟ್ ಲೆಕ್ಕ ಬದಲಿಸದಿದ್ದರೆ ಇದೇ ಕಥೆ ಮತ್ತೆ. ಮುಚ್ಚಳದ ತುಂಬ ಅನ್ನೋದು ತುಂಬಿದ ಡ್ರಮ್, ತೀರಾ ಕೊಳೆ ಬಟ್ಟೆಯ ಅಳತೆ. ಸಾಮಾನ್ಯ ಬಟ್ಟೆಗೆ ಅದರ ಅರ್ಧದಿಂದ ಶುರು ಮಾಡಿ. ಬಿಳಿ ಬಟ್ಟೆ, ಟವೆಲ್, ಹಾಸಿಗೆ ಬಟ್ಟೆಗೆ ಫ್ರಂಟ್ ಲೋಡ್‌ಗೆಂದೇ ಇರುವ ಕಡಿಮೆ ನೊರೆಯ ಪುಡಿ ಹಾಕಿ, ಲಿಕ್ವಿಡ್ ಬಣ್ಣದ ಬಟ್ಟೆಗಿರಲಿ. ಉಣ್ಣೆ, ರೇಷ್ಮೆಗೆ ಅವಕ್ಕೆಂದೇ ಬರುವ ಲಿಕ್ವಿಡ್ ಬೇರೆ. ಟವೆಲ್‌ಗೆ ಕಂಡೀಷನರ್ ಬೇಡವೇ ಬೇಡ, ನೀರು ಹೀರುವ ಗುಣ ಕೆಡುತ್ತೆ, ಟಬ್‌ಗೂ ಮೆತ್ತುತ್ತೆ.

ಎಷ್ಟು ಹಾಕಬೇಕು ಅಂತ ಪ್ಯಾಕೆಟ್‌ಗಿಂತ ಬಾಗಿಲಿನ ಗಾಜು ಚೆನ್ನಾಗಿ ಹೇಳುತ್ತೆ. ಕೊನೆಯ ರಿನ್ಸ್ ನೀರು ತಿರುಗುವಾಗ ಗಾಜಿನ ಮೇಲೆ ನೊರೆಯ ಪಟ್ಟಿ ಇನ್ನೂ ಇದ್ದರೆ ಅಳತೆ ಇಳಿಸಿ. ಒಣಗಿದ ಬಟ್ಟೆ ಬೆವರು ನಾರುತ್ತಿದ್ದರೆ, ಕಾಲರ್ ಬೂದಾಗಿದ್ದರೆ ಸ್ವಲ್ಪ ಏರಿಸಿ. ವಾರಕ್ಕೊಮ್ಮೆ ಟವೆಲ್, ಹಾಸಿಗೆ ಬಟ್ಟೆಯನ್ನು 60ರಲ್ಲಿ ಒಗೆದರೆ ಟಬ್‌ಗೂ ಬಿಸಿನೀರು ಸಿಗುತ್ತೆ, ಖಾಲಿ ಓಡಿಸುವ ಕೆಲಸ ತಿಂಗಳಿಗೊಮ್ಮೆ ಸಾಕು. ಒಗೆದ ತಕ್ಷಣ ಬಟ್ಟೆ ತೆಗೆಯಿರಿ, ಮಡಿಕೆ ಒರೆಸಿ, ಬಾಗಿಲು ಮತ್ತು ಟ್ರೇ ಎರಡನ್ನೂ ಸ್ವಲ್ಪ ತೆರೆದಿಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬಾಗಿಲು ಹಾಗೇ ಬಿಡಬೇಡಿ: ಯಾರಾದರೂ ಪಕ್ಕದಲ್ಲೇ ಇರುವಾಗ ತೆರೆದು ಆರಿಸಿ, ಆಮೇಲೆ ಮುಚ್ಚಿ.