ಅಪ್‌ಡೇಟ್: ಟೈಮ್‌ಔಟ್ ಇದ್ದರೂ ಬರುತ್ತಿದ್ದ ‘ಡೇಟಾಬೇಸ್ ಈಸ್ ಲಾಕ್ಡ್’

ಕೇಳಿದ್ದು ಇಷ್ಟು: ಪುಣೆಯ ಕನ್ನಡ ಬಳಗದ ಪುಸ್ತಕ ಎರವಲಿನ ಲೆಕ್ಕ ಒಂದು ಎಸ್‌ಕ್ಯೂಲೈಟ್ (ಇಡೀ ಡೇಟಾಬೇಸನ್ನು ಒಂದು ಫೈಲಿನಲ್ಲಿಡುವ ತಂತ್ರಾಂಶ) ಫೈಲಿನಲ್ಲಿದೆ, ವಾಲ್ ಮೋಡ್ (ಬದಲಾವಣೆಯನ್ನು ಮೊದಲು ಪಕ್ಕದ ವಾಲ್ ಫೈಲಿಗೆ ಬರೆಯುವ ವಿಧಾನ). ಬಿಜಿ ಟೈಮ್‌ಔಟ್ (ಲಾಕ್ ಬಿಡುಗಡೆಗೆ ಕಾಯುವ ಅವಧಿ) 5000 ಮಿಲಿಸೆಕೆಂಡ್ ಇಟ್ಟರೂ ಲಾಕ್ ದೋಷ ತಕ್ಷಣ ಬರುವುದೇಕೆ?

ಎರಡು ಟರ್ಮಿನಲ್ ಸಾಕಾಯಿತು. ಮೊದಲನೆಯದರಲ್ಲಿ ಬಿಗಿನ್ (ಟ್ರಾನ್ಸಾಕ್ಷನ್ ಶುರು), ಒಂದು ಸೆಲೆಕ್ಟ್ (ಓದು). ಎರಡನೆಯದರಲ್ಲಿ ಅಪ್‌ಡೇಟ್ (ಬದಲಾವಣೆ), ಕಮಿಟ್ (ಅದನ್ನು ಖಾಯಂ ಮಾಡುವುದು). ಮತ್ತೆ ಮೊದಲನೆಯದರಲ್ಲಿ ಅಪ್‌ಡೇಟ್ ಕೊಟ್ಟರೆ ಒಂದು ಕ್ಷಣವೂ ಕಾಯದೆ ದೋಷ. ಸೆಲೆಕ್ಟ್ ಹಿಡಿದ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಡೇಟಾಬೇಸ್ ಸ್ಥಿತಿ, ಆಗಲೇ ಹಳತಾಗಿರುತ್ತದೆ. ಎಷ್ಟು ಕಾದರೂ ಅದು ಹೊಸದಾಗದು, ಹಾಗಾಗಿ ಟೈಮ್‌ಔಟ್‌ಗೆ ಇಲ್ಲಿ ಕೆಲಸವೇ ಇಲ್ಲ. ರೋಲ್‌ಬ್ಯಾಕ್ ಮಾಡಿ (ಟ್ರಾನ್ಸಾಕ್ಷನ್ ರದ್ದು ಮಾಡಿ) ಮೊದಲಿಂದ ಶುರು ಮಾಡಬೇಕು. ಬರೆಯುವುದು ಖಚಿತವಿದ್ದರೆ ಆರಂಭದಲ್ಲೇ ಬಿಗಿನ್ ಇಮ್ಮಿಡಿಯೆಟ್ (ಬರೆಯುವ ಲಾಕನ್ನು ಮೊದಲೇ ಪಡೆಯುವ ಬಿಗಿನ್) ಹಾಕಿ. ಆಗ ಟೈಮ್‌ಔಟ್ ನಿಜಕ್ಕೂ ಕಾಯುತ್ತದೆ. ಟೈಮ್‌ಔಟನ್ನು ಪ್ರತಿ ಕನೆಕ್ಷನ್‌ಗೂ ಬೇರೆಯಾಗಿ ಕೊಡಬೇಕು, ಅದು ಫೈಲಿನಲ್ಲಿ ಉಳಿಯುವುದಿಲ್ಲ.

ಕನೆಕ್ಷನ್ ಮುಚ್ಚುವಾಗಿನ ತೊಂದರೆ ಬೇರೆಯದು. ಫೈನಲೈಸ್ ಆಗದ (ಬಳಸಿದ ಮೇಲೆ ಬಿಡುಗಡೆ ಮಾಡದ) ಒಂದು ಸ್ಟೇಟ್‌ಮೆಂಟ್ ಉಳಿದಿದ್ದರೂ ಕ್ಲೋಸ್ ಕರೆ ಬಿಜಿ ಎಂದು ಹಿಂದಿರುಗುತ್ತದೆ, ಕನೆಕ್ಷನ್ ತೆರೆದೇ ಇರುತ್ತದೆ. ಆ ಉತ್ತರವನ್ನು ಯಾರೂ ನೋಡುವುದಿಲ್ಲ ಅನ್ನುವುದೇ ಕಷ್ಟ. ಕೊನೆಯ ಕನೆಕ್ಷನ್ ಸರಿಯಾಗಿ ಮುಚ್ಚಿದರೆ ಪಕ್ಕದ ವಾಲ್ ಫೈಲ್ ಸಾಮಾನ್ಯವಾಗಿ ಅಳಿದುಹೋಗುತ್ತದೆ; ಉಳಿದಿದ್ದರೆ ಅನುಮಾನಿಸಿ, ಆದರೆ ಕೈಯಾರೆ ಅಳಿಸಬೇಡಿ, ಕಮಿಟ್ ಆದ ದಾಖಲೆಗಳು ಅದರಲ್ಲೇ ಇರಬಹುದು.