ಪದಚರ್ಚೆ: ‘ಬ್ಯಾಕ್‌ಲಿಂಕ್’ – ಹಿಂಕೊಂಡಿಯೋ, ಹಿಂಗೊಂಡಿಯೋ, ಒಳಬರುವ ಕೊಂಡಿಯೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಜಾಲತಾಣ ನಡೆಸುವವರಿಗಾಗಿ ಒಂದು ಕೈಪಿಡಿ ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಬೇರೆ ತಾಣದವರು ನಮ್ಮ ತಾಣಕ್ಕೆ ಲಿಂಕ್ ಕೊಡುವಂತೆ ಮಾಡುವುದು ಹೇಗೆ ಎನ್ನುವ ಅಧ್ಯಾಯ ಕೆಲವು ಪದಗಳ ಬಳಿ ನಿಂತುಬಿಟ್ಟಿದೆ. ಬೇರೆ ತಾಣದಿಂದ ನಮ್ಮ ತಾಣಕ್ಕೆ ಬರುವ ಲಿಂಕ್ ಅಂದರೆ ‘ಬ್ಯಾಕ್‌ಲಿಂಕ್’ಗೆ ಹಿಂಕೊಂಡಿ, ‘ಆಂಕರ್ ಟೆಕ್ಸ್ಟ್’ಗೆ ಲಂಗರು ಪಠ್ಯ, ‘ನೋಫಾಲೋ’ಗೆ ಹಿಂಬಾಲಿಸಬೇಡ ಎಂದು ಬಳಸಿದ ಕರಡಿನ ವಾಕ್ಯಗಳು ಈಗ ಹೀಗಿವೆ:

“ನಿಮ್ಮ ತಾಣಕ್ಕೆ ಹೆಚ್ಚು ಹಿಂಕೊಂಡಿಗಳನ್ನು ಕಟ್ಟಿ.”
“ಲಂಗರು ಪಠ್ಯದಲ್ಲಿ ವಿಷಯದ ಹೆಸರಿರಲಿ.”
“ಹಿಂಬಾಲಿಸಬೇಡ ಕೊಂಡಿಗಳಿಂದ ಪ್ರಯೋಜನವಿಲ್ಲ.”
“ಮುರಿದ ಕೊಂಡಿಗಳನ್ನು ಸರಿಪಡಿಸಿ.”

ಕರಡು ಓದಿದವರು ಕೇಳಿದ ಮೊದಲ ಪ್ರಶ್ನೆಯೇ ‘ಹಿಂಕೊಂಡಿ ಎಂದರೆ ನಾವು ಅವರಿಗೆ ತಿರುಗಿ ಕೊಡಬೇಕಾದ ಕೊಂಡಿಯೇ?’ ಎಂಬುದು. ಲಂಗರಿನ ವಾಕ್ಯ ಯಾರಿಗೂ ತಿಳಿಯಲಿಲ್ಲ. ಪದ ಬದಲಿಸಬೇಕೋ ವಾಕ್ಯವನ್ನೇ ಬದಲಿಸಬೇಕೋ ತಿಳಿದವರು ಹೇಳಬೇಕು.

ಉತ್ತರ 1

ಆ ಓದುಗರು ಕೇಳಿದ್ದು ಸರಿಯಾದ ಪ್ರಶ್ನೆ. ಕನ್ನಡದಲ್ಲಿ ‘ಹಿಂ’ ಎಂಬುದಕ್ಕೆ ಎರಡು ನೆರಳುಗಳಿವೆ. ಹಿಂತಿರುಗು, ಹಿಂಪಡೆ ಎನ್ನುವಾಗ ಹೋದದ್ದು ವಾಪಸ್ಸು ಬರುತ್ತದೆ. ಹಿಂಗಾಲು, ಹಿಂಬದಿ ಎನ್ನುವಾಗ ಅದು ಬರಿಯ ದಿಕ್ಕು. ಬ್ಯಾಕ್‌ಲಿಂಕ್‌ನ ‘ಬ್ಯಾಕ್’ ಎರಡನೆಯ ಬಗೆಯದು, ಓದುಗರ ಕಿವಿಗೆ ಬೀಳುವುದು ಮೊದಲನೆಯದು.

ಈ ಪದದ ಹಿನ್ನೆಲೆ ನೋಡಿದರೆ ಗೊಂದಲ ಕರಗುತ್ತದೆ. ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿ 1996ರಲ್ಲಿ ಶುರುಮಾಡಿದ ಹುಡುಕುಯಂತ್ರದ ಹೆಸರು ‘ಬ್ಯಾಕ್‌ರಬ್’. ಅದರ ಕೆಲಸವೇ ಬ್ಯಾಕ್‌ಲಿಂಕ್‌ಗಳನ್ನು ಅಳೆಯುವುದು. ಪೇಜ್‌ರ‍್ಯಾಂಕ್ (ಲಿಂಕ್‌ಗಳಿಂದ ಪುಟದ ತೂಕ ಅಳೆಯುವ ಅವರ ಸೂತ್ರ) ಕುರಿತ 1998ರ ಪ್ರಬಂಧದಲ್ಲಿ ಪ್ರತಿಯೊಂದು ಪುಟಕ್ಕೂ ಎರಡು ಬಗೆಯ ಲಿಂಕ್‌ಗಳನ್ನು ಹೇಳಿದ್ದಾರೆ: ಪುಟದಿಂದ ಹೊರಗೆ ಹೋಗುವವು ಫಾರ್ವರ್ಡ್ ಲಿಂಕ್, ಪುಟಕ್ಕೆ ಬರುವವು ಬ್ಯಾಕ್‌ಲಿಂಕ್. ಒಂದು ಪುಟದ ಫಾರ್ವರ್ಡ್ ಲಿಂಕ್‌ಗಳನ್ನು ಆ ಪುಟ ತೆರೆದರೆ ಎಣಿಸಬಹುದು. ಬ್ಯಾಕ್‌ಲಿಂಕ್‌ಗಳು ಹಾಗಲ್ಲ. ಅವು ಬೇರೆಯವರ ಪುಟಗಳಲ್ಲಿರುವುದರಿಂದ ಜಾಲವನ್ನೆಲ್ಲ ಸುತ್ತಿದವರಿಗೆ ಮಾತ್ರ ಲೆಕ್ಕ ಸಿಗುತ್ತದೆ. ಕೊಟ್ಟು ತೆಗೆದುಕೊಳ್ಳುವ ಅರ್ಥ ಅಲ್ಲಿ ಎಲ್ಲೂ ಇಲ್ಲ.

‘ಹಿಂ’ ಬಿಡಲೇಬಾರದು ಎಂದರೆ ಮುಂಗಾರು–ಹಿಂಗಾರಿನ ಹಾಗೆ ಮುಂಗೊಂಡಿ–ಹಿಂಗೊಂಡಿ ಎಂದು ಜೋಡಿಯಾಗಿ ಬಳಸಬೇಕು. ಉತ್ತರಪದದ ಕಕಾರ ಗಕಾರವಾಗುವುದು ಕನ್ನಡದ್ದೇ ಸಂಧಿ. ‘ಹಿಂಪಡೆ’ಯಂಥ ಮಾತುಗಳಲ್ಲಿ ಆದೇಶ ಆಗದಿರುವುದರಿಂದ ‘ಹಿಂಕೊಂಡಿ’ ತಪ್ಪೆನ್ನಲಾಗದು, ಆದರೆ ಬಾಯಿಗೆ ಒಗ್ಗುವುದು ಹಿಂಗೊಂಡಿ. ಜೋಡಿಯಲ್ಲಿ ಒಂದನ್ನೇ ಕಿತ್ತು ತಂದರೆ ಮತ್ತೆ ಅದೇ ತೊಡಕು. ‘ಒಳಕೊಂಡಿ’ ಇನ್ನೂ ಅಪಾಯ: ಒಂದೇ ತಾಣದ ಪುಟದಿಂದ ಪುಟಕ್ಕೆ ಇರುವ ಲಿಂಕ್‌ಗೆ ಅದು ಬೇಕಾದ ಪದ. ನನ್ನ ಆಯ್ಕೆ ‘ಒಳಬರುವ ಕೊಂಡಿ’. ಜಾಗವಿದ್ದ ಕಡೆ ‘ಬೇರೆ ತಾಣದವರು ಕೊಟ್ಟ ಕೊಂಡಿ’. ಕನ್ನಡ ವಿಕಿಪೀಡಿಯದಲ್ಲಿ ಇದೇ ಕೆಲಸಕ್ಕೆ ‘ಇಲ್ಲಿಗೆ ಯಾವ ಸಂಪರ್ಕ ಕೂಡುತ್ತದೆ’ ಎಂಬ ವಾಕ್ಯವಿದೆ. ಹೆಸರುಪದ ಹೊಸೆಯುವ ಬದಲು ‘ಇಲ್ಲಿಗೆ’ ಎಂಬ ಚತುರ್ಥಿಗೆ ದಿಕ್ಕಿನ ಭಾರ ಹೊರಿಸಿದ್ದಾರೆ. ನಮ್ಮ ವಿಭಕ್ತಿಗಳು ಸಲೀಸಾಗಿ ಮಾಡುವ ಕೆಲಸಕ್ಕೆ ಹೊಸ ಸಮಾಸ ಯಾಕೆ?

‘ಲಿಂಕ್’ ಎಂದೇ ಬಿಡಬಹುದಲ್ಲ ಎಂದರೆ ಒಂದು ಎಚ್ಚರಿಕೆ. ಮಾತಿನಲ್ಲಿ ಲಿಂಕ್ ಹಾಕು, ಲಿಂಕ್ ಕೊಡು, ಲಿಂಕ್ ಮಾಡು ಮೂರೂ ಇವೆ, ಮೂರೂ ಬೇರೆ. ‘ಲಿಂಕ್ ಕೊಡಿ’ ಎಂದಾಗ ಹೆಚ್ಚಿನವರು ಕಳಿಸುವುದು ವಿಳಾಸ. ‘ಲಿಂಕ್ ಮಾಡಿ’ ಎಂದರೆ ಎರಡು ಖಾತೆ ಜೋಡಿಸುವುದು. ಪುಟದಲ್ಲಿ ವಿಳಾಸವನ್ನು ಬರಿಯ ಅಕ್ಷರವಾಗಿ ಬರೆದಿಟ್ಟರೆ ಅದು ಕೊಂಡಿಯಲ್ಲ. ಪುಟದ ಎಚ್‌ಟಿಎಂಎಲ್ ಸಂಕೇತದಲ್ಲಿ ‘ಎ’ ಟ್ಯಾಗ್ ಒಳಗೆ ‘ಎಚ್‌ರೆಫ್’ನಲ್ಲಿ ವಿಳಾಸ ಇದ್ದರೆ ಮಾತ್ರ ಕೊಂಡಿ. ಒತ್ತಿದಾಗ ಸ್ಕ್ರಿಪ್ಟ್ ಮೂಲಕ ಪುಟ ಬದಲಿಸುವ ಗುಂಡಿಯನ್ನು ಓದುಗರು ಲಿಂಕ್ ಎನ್ನುತ್ತಾರೆ, ಆದರೆ ಎಚ್‌ರೆಫ್ ಇಲ್ಲದಿದ್ದರೆ ಹುಡುಕುಯಂತ್ರ ಅದನ್ನು ಹಿಡಿದು ಹೋಗುತ್ತದೆಂಬ ಖಾತರಿಯಿಲ್ಲ. ಕೈಪಿಡಿಯಲ್ಲಿ ವಿಳಾಸಕ್ಕೆ ‘ವಿಳಾಸ’, ಬೆಸೆದದ್ದಕ್ಕೆ ‘ಕೊಂಡಿ’ ಎಂದು ಬೇರೆಬೇರೆ ಇಡಿ.

ನಿಜವಾದ ತಪ್ಪು ಇರುವುದು ‘ಕಟ್ಟಿ’ ಎಂಬ ಕ್ರಿಯಾಪದದಲ್ಲಿ. ಮನೆ ಕಟ್ಟುತ್ತೇವೆ, ಹೂ ಕಟ್ಟುತ್ತೇವೆ. ಕಟ್ಟುವ ಕೈ ನಮ್ಮದು. ಒಳಬರುವ ಕೊಂಡಿ ಇರುವುದು ಇನ್ನೊಬ್ಬರ ಪುಟದಲ್ಲಿ, ಕೊಡುವ ಕೈ ಅವರದು. ‘ಕೊಂಡಿ ಕಟ್ಟಿ’ ಎಂದು ಓದಿದವರು ತಮ್ಮ ಕೈಯಲ್ಲೇ ಕಟ್ಟಬಹುದಾದ ಕಡೆಗೆ ಹೋಗುತ್ತಾರೆ: ಪ್ರತಿಕ್ರಿಯೆಯ ಪೆಟ್ಟಿಗೆ, ಖಾತೆಯ ಪರಿಚಯ ಪುಟ, ಯಾರು ಬೇಕಾದರೂ ಸೇರಬಹುದಾದ ತಾಣಪಟ್ಟಿ. ಯಾರ ಒಪ್ಪಿಗೆಯೂ ಬೇಕಿಲ್ಲದ ಈ ಕೊಂಡಿಗಳಿಗೇ ಬೆಲೆ ಎಲ್ಲಕ್ಕಿಂತ ಕಡಿಮೆ. ಕ್ರಿಯಾಪದ ‘ಗಳಿಸು’ ಅಥವಾ ‘ಪಡೆ’ ಆಗಲಿ. ಹಣ ಕೊಟ್ಟು ಪಡೆದದ್ದಕ್ಕೆ ಕನ್ನಡ ತಾನಾಗಿಯೇ ಪದ ಕೊಡುತ್ತದೆ: ಕೊಟ್ಟ ಕೊಂಡಿ ಒಂದು, ಕೊಂಡ ಕೊಂಡಿ ಇನ್ನೊಂದು. ಇವೆರಡನ್ನು ಬೇರ್ಪಡಿಸುವುದೇ ಹುಡುಕುಯಂತ್ರದವರ ನಿಯಮಗಳ ತಿರುಳು. ಕೊಂಡ ಕೊಂಡಿಯನ್ನು ಕೊಟ್ಟ ಕೊಂಡಿಯಂತೆ ತೋರಿಸಿದರೆ ಗೂಗಲ್ ಅದನ್ನು ಕಡೆಗಣಿಸಬಹುದು, ಇಲ್ಲವೇ ತಾಣದ ಮೇಲೆ ಕ್ರಮ ಕೈಗೊಳ್ಳಬಹುದು; ಕ್ರಮ ಕೈಗೊಂಡರೆ, ತಾಣ ನಡೆಸುವವರಿಗೆ ಗೂಗಲ್ ಕೊಡುವ ಸಾಧನವಾದ ಸರ್ಚ್ ಕನ್ಸೋಲ್‌ನಲ್ಲಿ ತಿಳಿಸುತ್ತಾರೆ. ‘ನೀವು ನಮಗೆ, ನಾವು ನಿಮಗೆ’ ಎಂದು ಅತಿಯಾಗಿ ಮಾಡಿಕೊಳ್ಳುವ ವಿನಿಮಯವೂ ಅದೇ ನಿಷೇಧದಲ್ಲಿದೆ. ಅದಕ್ಕೆ ‘ಮುಯ್ಯಿ ಕೊಂಡಿ’ ಎಂದರೆ ಯಾರಿಗೂ ವಿವರಣೆ ಬೇಕಾಗದು. ಕರಡಿನ ಓದುಗರು ಹಿಂಕೊಂಡಿ ಎಂದುಕೊಂಡದ್ದು ಇದನ್ನೇ.

‘ಹಿಂಬಾಲಿಸಬೇಡ ಕೊಂಡಿ’ ಕೂಡ ದಾರಿ ತಪ್ಪಿಸುತ್ತದೆ. ನೋಫಾಲೋ ಇದ್ದರೂ ಓದುಗರು ಒತ್ತಿದರೆ ಪುಟ ತೆರೆಯುತ್ತದೆ. ಅದು ‘ಎ’ ಟ್ಯಾಗಿನ ‘ರೆಲ್’ ಎಂಬ ಗುಣದಲ್ಲಿ ಹುಡುಕುಯಂತ್ರಕ್ಕೆಂದು ಬರೆಯುವ ಒಂದು ಸೂಚನೆ ಅಷ್ಟೆ. ಪ್ರತಿಕ್ರಿಯೆಗಳಲ್ಲಿ ತುಂಬುತ್ತಿದ್ದ ಕಸದ ಕೊಂಡಿಗಳನ್ನು ತಡೆಯಲು 2005ರಲ್ಲಿ ಬಂತು. ಕೊಂಡ ಕೊಂಡಿಗೆ ‘ಸ್ಪಾನ್ಸರ್ಡ್’, ಓದುಗರೇ ಬರೆದುದಕ್ಕೆ ‘ಯುಜಿಸಿ’ ಎಂಬ ಗುರುತುಗಳನ್ನು ಗೂಗಲ್ 2019ರಲ್ಲಿ ಸೇರಿಸಿತು. ಆಗಿನಿಂದ ಈ ಮೂರನ್ನೂ ಅದು ಕಟ್ಟಪ್ಪಣೆಯಾಗಿ ನೋಡದೆ ಸುಳಿವಾಗಿ ನೋಡುತ್ತದೆ. ‘ಡೂಫಾಲೋ’ ಎಂಬ ಗುರುತು ಇಲ್ಲವೇ ಇಲ್ಲ. ಏನೂ ಬರೆಯದ ಕೊಂಡಿಗೆ ಜನ ಇಟ್ಟ ಹೆಸರು ಅದು. ಅರ್ಥ ನೋಡಿದರೆ ನೋಫಾಲೋ ಎಂದರೆ ‘ಇದಕ್ಕೆ ನಾನು ಸಾಕ್ಷಿಯಲ್ಲ’. ಹಾಗಾಗಿ ‘ಸಾಕ್ಷಿಯಿಲ್ಲದ ಕೊಂಡಿ’ ಎಂದು ಸೂಚಿಸುತ್ತೇನೆ. ಸಂಕೇತ ಬರೆಯುವ ಕಡೆ ನೋಫಾಲೋ ಎಂದೇ ಇರಲಿ. ‘ಪ್ರಯೋಜನವಿಲ್ಲ’ ಎಂಬುದನ್ನೂ ತೆಗೆಯಿರಿ. ಅಂಥ ಕೊಂಡಿಯಿಂದ ಓದುಗರು ಬರುತ್ತಾರೆ, ಬಂದವರಲ್ಲಿ ಯಾರಾದರೂ ತಮ್ಮ ಪುಟದಲ್ಲಿ ಸಾಕ್ಷಿಯುಳ್ಳ ಕೊಂಡಿ ಕೊಟ್ಟಾರು. ಹೆಸರು ಹತ್ತಿರವಿರುವ ‘ನೋರೆಫರರ್’ ಬೇರೆಯೇ ಸಂಗತಿ. ಓದುಗರು ಎಲ್ಲಿಂದ ಬಂದರೆಂಬುದನ್ನು ಅದು ಮರೆಮಾಡುತ್ತದೆ. ನಿಮ್ಮ ಲೆಕ್ಕದಲ್ಲಿ ಅವರು ನೇರವಾಗಿ ಬಂದವರಂತೆ ಕಾಣುತ್ತಾರೆ.

ಉತ್ತರ 2

ಮೇಲಿನದಕ್ಕೆ ನನ್ನ ಒಪ್ಪಿಗೆಯಿದೆ. ‘ಲಂಗರು ಪಠ್ಯ’ದ, ಅಂದರೆ ಕೊಂಡಿಯಾಗಿ ಒತ್ತಲು ಕಾಣುವ ಪದಗಳ, ಬಗ್ಗೆ ಮಾತ್ರ ಬರೆಯುತ್ತೇನೆ.

ಲಂಗರು ಎಂದರೆ ಕನ್ನಡಿಗರ ಕಣ್ಣಿಗೆ ಬರುವುದು ಹಡಗು. ‘ಕೊಂಡಿಮಾತು’ ಚೆನ್ನಾಗಿತ್ತು, ಆದರೆ ‘ಕೊಂಡೆಯ’ ಎಂದರೆ ಚಾಡಿ ಎಂದು ಬಲ್ಲವರಿಗೆ ಕೊಂಡಿಮಾತು ಚಾಡಿಮಾತಿನ ಹಾಗೆ ಕೇಳಿಸೀತು. ‘ಕೊಂಡಿಪದ’ ಸಾಕು, ಎರಡು ಮೂರು ಪದಗಳಿದ್ದರೆ ‘ಕೊಂಡಿಪದಗಳು’. ಚಿತ್ರಕ್ಕೆ ಕೊಂಡಿ ಹಾಕಿದಾಗ ಚಿತ್ರದ ಬದಲಿ ಪಠ್ಯವೇ (ಚಿತ್ರ ಕಾಣದವರಿಗೆಂದು ಬರೆಯುವ ‘ಆಲ್ಟ್’ ವಿವರಣೆ) ಕೊಂಡಿಪದದ ಕೆಲಸ ಮಾಡುತ್ತದೆ. ಅದನ್ನು ಖಾಲಿ ಬಿಡಬೇಡಿ ಎಂದು ಕೈಪಿಡಿಯಲ್ಲಿ ಒಂದು ಸಾಲಿರಲಿ.

ಕನ್ನಡದಂತೆ ಪದಕ್ಕೆ ವಿಭಕ್ತಿ ಅಂಟುವ ಭಾಷೆಗಳಲ್ಲಿ ಬರುವ ಒಂದು ತೊಡಕು ಇಲ್ಲಿದೆ. ‘ಅಕ್ಷರಪಟ್ಟಿಯಲ್ಲಿ ನೋಡಿ’ ಎಂಬ ವಾಕ್ಯದಲ್ಲಿ ಕೊಂಡಿ ಎಲ್ಲಿ ಮುಗಿಯಬೇಕು? ‘ಅಕ್ಷರಪಟ್ಟಿ’ಗೆ ನಿಲ್ಲಿಸಿ ‘ಯಲ್ಲಿ’ ಎಂಬುದನ್ನು ಹೊರಗಿಟ್ಟರೆ ಅಡಿಗೆರೆ ಪದದ ನಡುವೆ ತುಂಡಾಗುತ್ತದೆ. ‘ಲಿಂಕ್’ ಎಂಬುದಕ್ಕೆ ‘ನಲ್ಲಿ’ ಸೇರಿಸುವಾಗ ಅರ್ಧಾಕ್ಷರದ ಬಳಿ ಕತ್ತರಿಸಿದರೆ ಒತ್ತಕ್ಷರ ಒಡೆದು ಚುಕ್ಕಿವೃತ್ತ ಕಾಣಬಹುದು. ‘ಪಾಠಗಳು’ ಹೋಗಿ ‘ಪಾಠಗಳನ್ನು’ ಆದಾಗ ಕೊನೆಯ ಉಕಾರವೇ ಇರುವುದಿಲ್ಲ, ಕತ್ತರಿಸಲು ಜಾಗವೇ ಸಿಗದು. ವಿಭಕ್ತಿಯ ಸಮೇತ ಇಡೀ ಪದವನ್ನು ಕೊಂಡಿಯೊಳಗೆ ಇಡುವುದೇ ಸರಿ. ಇನ್ನೂ ಒಳ್ಳೆಯದೆಂದರೆ ವಾಕ್ಯವನ್ನು ತಿರುಗಿಸಿ ಪ್ರಥಮಾ ವಿಭಕ್ತಿಗೆ ತರುವುದು.

‘ಇಲ್ಲಿ ಒತ್ತಿ’ ಎಂಬ ಕೊಂಡಿಪದದಿಂದ ಹುಡುಕುಯಂತ್ರಕ್ಕೂ ಏನೂ ತಿಳಿಯದು, ಪರದೆ ಓದಿಸಿಕೊಂಡು ಕೇಳುವವರಿಗೂ ಏನೂ ತಿಳಿಯದು. ಹಾಗೆಂದು ಕೊಂಡಿ ಕೇಳುವಾಗ ‘ಇದೇ ಪದ ಬಳಸಿ’ ಎಂದು ಕೊಡುವವರಿಗೆ ಹೇಳಲೂಬಾರದು. ನೂರು ತಾಣಗಳಲ್ಲಿ ಒಂದೇ ಕೊಂಡಿಪದ ಅಕ್ಷರ ಬಿಡದೆ ಬಂದರೆ ಅದು ಯೋಜಿಸಿ ಹಾಕಿಸಿದ್ದೆಂದು ಯಾರಿಗಾದರೂ ತಿಳಿಯುತ್ತದೆ. ಗೂಗಲ್‌ನ ಹುಡುಕುಸೂತ್ರದ ‘ಪೆಂಗ್ವಿನ್’ ಎಂಬ ಬದಲಾವಣೆ 2012ರ ಏಪ್ರಿಲ್‌ನಲ್ಲಿ ಹಿಡಿದದ್ದು ಇಂಥ ಕೊಂಡಿಗಳನ್ನೇ. ತಾವಾಗಿ ಕೊಡುವವರು ತಾಣದ ಹೆಸರು, ಲೇಖನದ ತಲೆಬರಹ, ಬರಿಯ ವಿಳಾಸ, ಅರ್ಧ ವಾಕ್ಯ ಹೀಗೆ ತೋಚಿದ್ದನ್ನು ಬರೆಯುತ್ತಾರೆ. ಹಾಗಿರುವುದೇ ಸಹಜ.

ವಿಳಾಸದಲ್ಲಿ ಕನ್ನಡ ಅಕ್ಷರಗಳಿದ್ದರೆ ಇನ್ನೊಂದು ಎಚ್ಚರ. ಕನ್ನಡದ ಪ್ರತಿ ಸಂಕೇತ (ಅಕ್ಷರ ಅಥವಾ ಅದಕ್ಕೆ ಹತ್ತುವ ಚಿಹ್ನೆ) ಕಂಪ್ಯೂಟರ್ ಪಠ್ಯವನ್ನು ಉಳಿಸುವ ಯುಟಿಎಫ್-8 ರೂಪದಲ್ಲಿ 3 ಬೈಟ್, ಶೇಕಡಾ ಚಿಹ್ನೆಯ ರೂಪದಲ್ಲಿ ಬರೆದಾಗ 9 ಅಕ್ಷರ. ‘ಕೊಂಡಿ’ ಎಂಬ ಪುಟ್ಟ ಪದದಲ್ಲಿ 5 ಸಂಕೇತಗಳಿವೆ. ವಿಳಾಸದಲ್ಲಿ ಅದು 45 ಅಕ್ಷರವಾಗುತ್ತದೆ. ಅಂಥ ಉದ್ದ ವಿಳಾಸ ಮಿಂಚಂಚೆಯಲ್ಲಿ ಸಾಲು ಮುರಿದು ತುಂಡಾಗುವುದುಂಟು. ಕೊಡಲು ಮನಸ್ಸಿದ್ದವರ ಕೊಂಡಿಯೂ ಆಗ ಕೆಡುತ್ತದೆ. ವಿಳಾಸವನ್ನು ಚಿಕ್ಕದಾಗಿಡಿ.

ಉತ್ತರ 3

‘ಮುರಿದ ಕೊಂಡಿ’ ಎಂಬ ಒಂದೇ ಪದದಲ್ಲಿ ಎರಡು ಬೇರೆ ಸಂಗತಿಗಳಿವೆ, ಎರಡಕ್ಕೂ ಚಿಕಿತ್ಸೆ ಬೇರೆ.

ಅವರ ಪುಟದಲ್ಲಿ ಕೊಂಡಿ ಇದೆ, ಒತ್ತಿದರೆ ನಮ್ಮ ಪುಟ 404 (ಪುಟ ಸಿಗಲಿಲ್ಲ) ಎನ್ನುತ್ತದೆ. ಇದು ಮುರಿದ ಕೊಂಡಿ, ತಪ್ಪು ಬಹುಮಟ್ಟಿಗೆ ನಮ್ಮದು. ನಮ್ಮ ಪುಟ ಚೆನ್ನಾಗಿದೆ, ಅವರು ಕೊಂಡಿ ತೆಗೆದಿದ್ದಾರೆ. ಇದು ಕಳಚಿದ ಕೊಂಡಿ. ‘ಕೊಂಡಿ ಕಳಚಿತು’ ಎಂಬ ನುಡಿಗಟ್ಟು ಇದ್ದೇ ಇದೆ, ಅದನ್ನೇ ಇಲ್ಲಿ ಬಳಸೋಣ.

ಮುರಿದದ್ದನ್ನು ಸರಿಪಡಿಸಲು ಯಾರನ್ನೂ ಬೇಡಬೇಕಿಲ್ಲ. ಕೈಪಿಡಿಯ ಆ ಅಧ್ಯಾಯ ಇಲ್ಲಿಂದಲೇ ಶುರುವಾಗಲಿ ಎಂಬುದು ನನ್ನ ಒತ್ತಾಯ. ಸರ್ವರ್‌ನ ದಾಖಲೆಯಲ್ಲಿ 404 ಬಂದ ವಿಳಾಸಗಳನ್ನು ತೆಗೆದು, ಹೊರಗಿನ ತಾಣದಿಂದ ಓದುಗರು ಬಂದವನ್ನು ಆರಿಸಿಕೊಳ್ಳಿ. ಪ್ರತಿಯೊಂದನ್ನೂ ಅದೇ ವಿಷಯದ ಹೊಸ ಪುಟಕ್ಕೆ 301ರಿಂದ (ವಿಳಾಸ ಶಾಶ್ವತವಾಗಿ ಬದಲಾಯಿತೆಂಬ ಸರ್ವರ್ ಸಂಕೇತ) ತಿರುಗಿಸಿ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸುವುದು ಬಹಳ ಕಡೆ ಕಾಣುವ ತಪ್ಪು. ವಿಷಯ ಹೊಂದದಿದ್ದರೆ ಗೂಗಲ್ ಅದನ್ನು ‘ಪುಟವಿಲ್ಲ’ ಎಂದೇ ಎಣಿಸಬಹುದು, ಓದುಗರೂ ಸಿಟ್ಟಾಗುತ್ತಾರೆ. ಒಂದು ತಿರುವಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಎಂದು ಸರಪಳಿ ಬೆಳೆಸದೆ ಹಳೆಯ ವಿಳಾಸದಿಂದ ನೇರ ಕೊನೆಯ ವಿಳಾಸಕ್ಕೆ ಕೊಡಿ. ತಿರುವನ್ನು ಕನಿಷ್ಠ ಒಂದು ವರ್ಷ ಇಡಬೇಕೆಂದು ಗೂಗಲ್ ಹೇಳುತ್ತದೆ. ತೆಗೆಯದೆ ಬಿಡುವುದೇ ಲೇಸು. ರಿಡೈರೆಕ್ಟ್‌ಗೆ ‘ತಿರುವು’ ಎಂದಿದ್ದೇನೆ, ‘ಮರುನಿರ್ದೇಶನ’ ನಾಟಕದವರದ್ದಾಗಿ ಕೇಳುತ್ತದೆ.

ಎಣಿಕೆಯಲ್ಲೂ ಎರಡು ಪದ ಬೇಕು. ಒಂದು ತಾಣದ ಅಡಿಪಟ್ಟಿಯಲ್ಲಿ ನಮ್ಮ ಹೆಸರಿದ್ದು ಆ ತಾಣಕ್ಕೆ 500 ಪುಟಗಳಿದ್ದರೆ ಕೊಂಡಿಗಳು 500, ಕೊಂಡಿ ಕೊಟ್ಟ ತಾಣ ಒಂದೇ. ನೋಡಬೇಕಾದ ಸಂಖ್ಯೆ ಎರಡನೆಯದು. ಪೇಜ್‌ರ‍್ಯಾಂಕ್‌ನ ಮೂಲ ಸೂತ್ರದಲ್ಲಿ ಪುಟದ ತೂಕ ಅದರಲ್ಲಿರುವ ಕೊಂಡಿಗಳಿಗೆ ಸಮನಾಗಿ ಹಂಚಿಹೋಗುತ್ತಿತ್ತು. ನಾಲ್ಕು ಕೊಂಡಿಯಿರುವ ಪುಟದಿಂದ ಬರುವ ಪಾಲು, ಅಷ್ಟೇ ತೂಕದ, ಇನ್ನೂರು ಕೊಂಡಿಯಿರುವ ಪುಟದ ಪಾಲಿನ ಐವತ್ತು ಪಟ್ಟು. ಈಗಿನ ಲೆಕ್ಕ ಅಷ್ಟು ಸರಳವಾಗಿಲ್ಲ, ಆದರೂ ಉದ್ದನೆಯ ಕೊಂಡಿಪಟ್ಟಿಗಳಲ್ಲಿ ಹೆಸರು ಸೇರಿಸಲು ದಿನ ಕಳೆಯಬಾರದೆಂಬುದಕ್ಕೆ ಇಷ್ಟು ಸಾಕು.

ಹೊಸದಾಗಿ ಗಳಿಸುವುದಕ್ಕೆ ಮೊದಲು ಉಲ್ಲೇಖಿಸಲು ಯೋಗ್ಯವಾದ ಪುಟ ಬೇಕು: ಬೇರೆಲ್ಲೂ ಇಲ್ಲದ ಅಳತೆಯ ಕೋಷ್ಟಕ, ಪದಕೋಶ, ಲೆಕ್ಕ ಹಾಕುವ ಸಾಧನ, ಸ್ವತಃ ತೆಗೆದ ಚಿತ್ರಗಳ ವಿವರಣೆ. ನಂತರ ನಿಮ್ಮ ತಾಣದ ಹೆಸರನ್ನು ಉದ್ಧರಣ ಚಿಹ್ನೆಯಲ್ಲಿಟ್ಟು, ನಿಮ್ಮ ತಾಣವನ್ನು ಹೊರತುಪಡಿಸಿ ಹುಡುಕಿ. ಹೆಸರು ಹೇಳಿ ಕೊಂಡಿ ಕೊಡದವರು ಸಿಗುತ್ತಾರೆ. ಒಪ್ಪುವ ಸಂಭವ ಅವರಲ್ಲೇ ಹೆಚ್ಚು. ಪತ್ರ ಐದಾರು ಸಾಲು ಮೀರದಿರಲಿ: ಅವರ ಯಾವ ಪುಟ, ಯಾವ ವಾಕ್ಯ, ಅಲ್ಲಿ ಏನು ಕೊರತೆ, ನಿಮ್ಮ ಯಾವ ಪುಟದಿಂದ ಅದು ತುಂಬುತ್ತದೆ, ಪೂರ್ಣ ವಿಳಾಸ. ಉತ್ತರ ಬಾರದಿದ್ದರೆ ವಾರ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ, ಅಲ್ಲಿಗೆ ನಿಲ್ಲಿಸಿ. ‘ಲಿಂಕ್ ಹಾಕಿ’ ಎಂದು ಬರೆಯಬೇಡಿ. ‘ಓದುಗರಿಗೆ ನೆರವಾಗುವುದೆಂದು ನಿಮಗೂ ತೋರಿದರೆ ಕೊಂಡಿ ಕೊಡಬಹುದು’ ಎಂದಾಗ ತೀರ್ಮಾನ ಅವರಲ್ಲೇ ಉಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ವಂದನೆ. ಕರಡಿನ ನಾಲ್ಕು ವಾಕ್ಯಗಳು ಈಗ ಹೀಗಾಗಿವೆ:

“ಬೇರೆ ತಾಣದವರು ತಾವಾಗಿ ಕೊಡುವ ಕೊಂಡಿಗಳನ್ನು ಗಳಿಸಿ, ಕೊಂಡ ಕೊಂಡಿಗೆ ಸ್ಪಾನ್ಸರ್ಡ್ ಗುರುತು ಹಾಕಿಸಿ.”
“ನೀವು ಕೊಂಡಿ ಕೊಡುವಾಗ ಕೊಂಡಿಪದದಲ್ಲಿ ವಿಷಯದ ಹೆಸರಿರಲಿ, ಪದ ವಿಭಕ್ತಿಯ ಸಮೇತ ಒಳಗಿರಲಿ.”
“ಸಾಕ್ಷಿಯಿಲ್ಲದ ಕೊಂಡಿಯಿಂದಲೂ ಓದುಗರು ಬರುತ್ತಾರೆ.”
“ಮುರಿದ ಕೊಂಡಿಗೆ ತಿರುವು ಕೊಡಿ, ಕಳಚಿದ ಕೊಂಡಿಗೆ ಪತ್ರ ಬರೆಯಿರಿ.”

‘ಸಾಕ್ಷಿಯಿಲ್ಲದ’ ಎಂಬುದು ‘ಆಧಾರವಿಲ್ಲದ’ ಎಂದು ಕೇಳಿಸೀತೇ ಎಂಬ ಅಳುಕು ಇನ್ನೂ ಇದೆ. ‘ಹೊಣೆ ಹೊರದ ಕೊಂಡಿ’ ಎಂದರೆ ಹೇಗೆ?