911 ಟರ್ಬೋ (996): ಕ್ಲಚ್ ಪೆಡಲ್ ಇದ್ದಕ್ಕಿದ್ದಂತೆ ಗಟ್ಟಿಯಾಗಿದೆ, ಏನು ನೋಡಲಿ?

ಬಸು_ಸ್ಯಾನ್‌ಹೋಸೆ
ಎಲ್ಲರಿಗೂ ನಮಸ್ಕಾರ. ನನ್ನದು 2002ರ ಪೋರ್ಶೆ 911 ಟರ್ಬೋ (996 ಅನ್ನೋ ಮಾಡೆಲ್), ಆರು ಗೇರಿನ ಮ್ಯಾನುವಲ್. ಕಳೆದ ತಿಂಗಳಿಂದ ಕ್ಲಚ್ ಒತ್ತಿದರೆ ಕಲ್ಲು ಒತ್ತಿದ ಹಾಗಿದೆ. ಸಂಜೆ 101 ಹೈವೇ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಎಡಗಾಲು ನಡುಗೋಕೆ ಶುರುವಾಗುತ್ತೆ. ಗೇರ್ ಸಲೀಸಾಗಿ ಬೀಳುತ್ತವೆ, ಕ್ಲಚ್ ಜಾರುತ್ತಿಲ್ಲ, ಸ್ಟೀರಿಂಗ್ ಹಗುರವಾಗೇ ಇದೆ. ಗ್ಯಾರೇಜಿನವರು ಮಾತ್ರ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಸೆಟ್ ಪೂರ್ತಿ ಬದಲಾಯಿಸೋಣ ಅಂತಿದ್ದಾರೆ. ಬಿಲ್ ನೆನೆಸಿಕೊಂಡರೇ ಭಯ. ಅದಕ್ಕೆ ಮೊದಲು ನಾನೇ ನೋಡಬಹುದಾದ್ದು ಏನಾದರೂ ಇದೆಯಾ?

ಮಂಜು_ಬಾಕ್ಸ್‌ಸ್ಟರ್
ಮ್ಯಾಟ್ ಪೆಡಲ್ ಕೆಳಗೆ ಸಿಕ್ಕಿಕೊಂಡಿಲ್ಲ ತಾನೇ? ಸುಮ್ನೆ ಕೇಳಿದೆ. ನನ್ನ ಪೋರ್ಶೆ ಬಾಕ್ಸ್‌ಸ್ಟರ್‌ನಲ್ಲಿ ಕ್ಲಚ್ ಪ್ಲೇಟ್ ಸವೆದು ಪೆಡಲ್ ಗಟ್ಟಿಯಾಗಿತ್ತು. ಕ್ಲಚ್ ಬದಲಾಯಿಸಿದ ಮೇಲೆ ಬೆಣ್ಣೆ.

ಹಳೇ_ಸ್ಪ್ಯಾನರ್
ಮಂಜು ಅವರೇ, ಬಾಕ್ಸ್‌ಸ್ಟರ್ ಲೆಕ್ಕ ಇಲ್ಲಿಗೆ ಬರಲ್ಲ. ಪ್ಲೇಟ್ ಸವೆದು ಗಟ್ಟಿಯಾಗೋದು ನಿಧಾನ, ವರ್ಷಗಟ್ಟಲೆ. ಒಂದೇ ತಿಂಗಳಲ್ಲಿ ಆಗಿದೆ ಅಂದರೆ ನನ್ನ ಅನುಮಾನ ಬೇರೆ ಕಡೆ.

ಬಸು ಅವರೇ, 996 ಟರ್ಬೋದ ಕ್ಲಚ್‌ಗೆ ಪವರ್ ಅಸಿಸ್ಟ್ ಇದೆ, ಅಂದರೆ ಕಾಲಿನ ಭಾರ ಇಳಿಸುವ ವ್ಯವಸ್ಥೆ. ನಿಮ್ಮ ಕಾಲಿನ ಒತ್ತಡ ಬ್ರೇಕ್ ಆಯಿಲ್ ಮೂಲಕ ಗೇರ್‌ಬಾಕ್ಸ್ ಪಕ್ಕದಲ್ಲಿ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿಗೆ ಹೋಗುತ್ತೆ. ಅಲ್ಲಿ ಪವರ್ ಸ್ಟೀರಿಂಗ್ ಪಂಪಿನ ಒತ್ತಡವೂ ಸೇರಿಕೊಂಡು ಭಾರ ಹೊರುತ್ತೆ. ಆ ಒತ್ತಡವನ್ನು ಕೂಡಿಟ್ಟುಕೊಳ್ಳೋಕೆ ಒಂದು ಅಕ್ಯುಮುಲೇಟರ್ ಇದೆ. ಒಳಗೆ ಒಂದು ಕಡೆ ಗ್ಯಾಸ್, ಇನ್ನೊಂದು ಕಡೆ ಆಯಿಲ್. ಗ್ಯಾಸ್ ಸೋರಿದರೆ ಅದರ ಕಥೆ ಮುಗಿಯಿತು. ಸ್ಟೀರಿಂಗ್ ಚೆನ್ನಾಗಿದೆ ಅಂದಿರಿ, ಹಾಗಾಗಿ ಪಂಪ್ ಮೇಲೆ ನನಗೆ ಅನುಮಾನ ಇಲ್ಲ.

ಹೀಗೆ ಮಾಡಿ. ಗಾಡಿ ಒಂದೆರಡು ನಿಮಿಷ ಸ್ಟಾರ್ಟ್‌ನಲ್ಲಿರಲಿ. ಆಫ್ ಮಾಡಿ, ಪೆಡಲ್ ನಿಧಾನವಾಗಿ ಒತ್ತುತ್ತಾ ಹೋಗಿ. ಅಕ್ಯುಮುಲೇಟರ್ ಚೆನ್ನಾಗಿದ್ದರೆ ಮೊದಲ ಕೆಲವು ಸಲ ಹಗುರ, ಆಮೇಲೆ ಬಿಗಿಯಾಗುತ್ತಾ ಬರುತ್ತೆ. ಸ್ಟಾರ್ಟ್‌ನಲ್ಲಿ ಹಗುರ, ಆಫ್ ಮಾಡಿದ ಕೂಡಲೇ ಗಟ್ಟಿ ಅಂದರೆ ಅಕ್ಯುಮುಲೇಟರ್ ಹೋಗಿದೆ. ಸ್ಟಾರ್ಟ್‌ನಲ್ಲೂ ಗಟ್ಟಿನೇ ಅಂದರೆ ಅಸಿಸ್ಟ್ ಸ್ಲೇವ್ ತನಕ ತಲುಪುತ್ತಿಲ್ಲ, ಇಲ್ಲಾ ಸ್ಲೇವೇ ಕೆಟ್ಟಿದೆ. ಹಿಂದೆ ಎಂಜಿನ್ ಹತ್ತಿರದ ಡಬ್ಬಿಯಲ್ಲಿ ಪವರ್ ಸ್ಟೀರಿಂಗ್ ಆಯಿಲ್ ಮಟ್ಟ ನೋಡಿ. ಗೇರ್‌ಬಾಕ್ಸ್ ಕೆಳಗೆ ಬಿಳಿ ಕಾಗದ ಹಾಸಿ ರಾತ್ರಿ ಬಿಡಿ.

ಬಸು_ಸ್ಯಾನ್‌ಹೋಸೆ
ನೋಡಿದೆ ಸರ್. ಸ್ಟಾರ್ಟ್‌ನಲ್ಲೂ ಗಟ್ಟಿ, ಆಫ್‌ನಲ್ಲೂ ಗಟ್ಟಿ. ಡಬ್ಬಿಯಲ್ಲಿ ಆಯಿಲ್ ಕಡಿಮೆ ಇದೆ. ಕಾಗದದ ಮೇಲೆ ಹಸಿರು ಕಲೆ. ಸದ್ಯಕ್ಕೆ ಬ್ರೇಕ್ ಆಯಿಲ್ ಸುರಿದು ಓಡಿಸಲಾ?

ಹಳೇ_ಸ್ಪ್ಯಾನರ್
ಅಯ್ಯೋ, ಬೇಡವೇ ಬೇಡ! ಆ ಹಸಿರು ಆಯಿಲ್ ಪವರ್ ಸ್ಟೀರಿಂಗ್‌ನದು, ಹೆಸರು ಪೆಂಟೋಸಿನ್ ಸಿಎಚ್‌ಎಫ್ 11ಎಸ್. ಅದಕ್ಕೆ ಬ್ರೇಕ್ ಆಯಿಲ್ ಸೇರಿದರೆ ಸೀಲುಗಳು ಊದಿಕೊಳ್ಳುತ್ತವೆ, ಸ್ಟೀರಿಂಗ್ ರಿಪೇರಿಯೂ ತಲೆಗೆ ಬೀಳುತ್ತೆ. ಪೆಂಟೋಸಿನ್‌ನೇ ಹಾಕಿ. ಡಬ್ಬಿ ಖಾಲಿಯಾಗಿ ಪಂಪ್ ಒಣಗಿ ತಿರುಗಬಾರದು.

ನೀವು ಹೇಳಿದ್ದು ನೋಡಿದರೆ ಸ್ಲೇವ್ ಸೋರುತ್ತಿದೆ. ಹೊರಗೇ ಇರುವ ಭಾಗ, ಗೇರ್‌ಬಾಕ್ಸ್ ಇಳಿಸಬೇಕಿಲ್ಲ. ಜಾಗ ಇಕ್ಕಟ್ಟು, ಕೈ ತರಚುತ್ತೆ ಅಷ್ಟೇ. ಗಾಡಿಗೆ ಇಷ್ಟು ವಯಸ್ಸಾಗಿದೆ, ಅಕ್ಯುಮುಲೇಟರನ್ನೂ ಜೊತೆಗೇ ಬದಲಾಯಿಸಿ. ಎರಡು ಸಲ ಬಿಚ್ಚೋದು ಯಾರಿಗೆ ಬೇಕು? ಆಮೇಲೆ ಬ್ರೇಕ್ ಆಯಿಲ್ ಬೇರೆ, ಪೆಂಟೋಸಿನ್ ಬೇರೆ, ಎರಡನ್ನೂ ಬ್ಲೀಡ್ ಮಾಡಿಸಬೇಕು, ಅಂದರೆ ಲೈನಿನೊಳಗಿನ ಗಾಳಿ ತೆಗೆಸಬೇಕು.

ಮಂಜು_ಬಾಕ್ಸ್‌ಸ್ಟರ್
911ರಲ್ಲೇ ಜಿಟಿ2 ಅನ್ನೋ ಮಾಡೆಲಿನ ಸ್ಲೇವ್ ಹಾಕಿ ಅಸಿಸ್ಟನ್ನೇ ಕಿತ್ತುಹಾಕುತ್ತಾರಲ್ಲ, ಅದು ಒಳ್ಳೇದಲ್ವಾ?

ಹಳೇ_ಸ್ಪ್ಯಾನರ್
ಟ್ರ್ಯಾಕ್‌ಗೆ ಹೋಗುವವರಿಗೆ ಒಳ್ಳೇದು. ಸೋರುವ ಭಾಗ ಕಡಿಮೆ, ಕ್ಲಚ್ ಎಲ್ಲಿ ಹಿಡಿಯುತ್ತೆ ಅನ್ನೋದು ಕಾಲಿಗೆ ಚೆನ್ನಾಗಿ ಗೊತ್ತಾಗುತ್ತೆ. ಆದರೆ ಪೆಡಲ್ ಭಾರವೇ ಇರುತ್ತೆ. ಬಸು ಅವರು ಬಂದಿರೋದೇ ಕಾಲು ನೋವು ಅಂತ, ಅವರಿಗೆ ಯಾಕೆ ಅದು? ಯಾವುದನ್ನೇ ಹಾಕಿದರೂ ಲೈನ್ ಬಿಚ್ಚುವ ಮೊದಲು ಎಂಜಿನ್ ಆಫ್ ಮಾಡಿ ಪೆಡಲ್ ಇಪ್ಪತ್ತು ಮೂವತ್ತು ಸಲ ಒತ್ತಿ. ಒಳಗೆ ಒತ್ತಡ ಉಳಿದಿದ್ದರೆ ಆಯಿಲ್ ನೇರ ಮುಖಕ್ಕೇ ಹಾರುತ್ತೆ. ಕನ್ನಡಕ ಹಾಕಿಕೊಂಡೇ ಕೆಳಗೆ ಹೋಗಿ.